ಕೊಡಗಿನಿಂದ ಶೈಕ್ಷಣಿಕ ಮೇಳಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ, ಪೋಷಕರಿಗೆ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದು, ಸಿಇಟಿಯನ್ನೂ ಬರೆದು ಮಕ್ಕಳು ಉಸಿರು ಬಿಡುವ ಹೊತ್ತಿಗೆ ಪತ್ರಿಕೆಗಳಲ್ಲಿ ಶೈಕ್ಷಣಿಕ ಮೇಳಗಳ ಜಾಹೀರಾತುಗಳು ಕಾಣಿಸಿಕೊಳ್ಳತೊಡಗುತ್ತವೆ. ಹೆಚ್ಚಿನ ಮೇಳಗಳು ನಡೆಯುವುದು ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಸುಮಾರು 140, ಬೆಂಗಳೂರು ಸುಮಾರು 260 ಕಿಲೋಮೀಟರ್ ದೂರದಲ್ಲಿವೆ; ಜಿಲ್ಲೆಯೊಳಗೆ ರೈಲು ಮಾರ್ಗವೇ ಇಲ್ಲದಿರುವುದರಿಂದ ಬಸ್ಸನ್ನೋ ಬಾಡಿಗೆ ವಾಹನವನ್ನೋ ನೆಚ್ಚಬೇಕು. ಭಾಗಮಂಡಲದ ಆಚೆಯ ಅಥವಾ ಬಿರುನಾಣಿಯ ಕಡೆಯ ಹುಡುಗಿಯೊಬ್ಬಳಿಗೆ ಮುಖ್ಯರಸ್ತೆಯ ಬಸ್ಸು ಹತ್ತುವುದೇ ಒಂದು ಪ್ರಯಾಣ. ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ವಾಸಿಸುವ ಕುಟುಂಬಕ್ಕೆ ಆ ದಿನದ ಅರ್ಥ, ಬಸ್ ದರದ ಜೊತೆಗೆ ಒಂದು ದಿನದ ಕೂಲಿಯ ನಷ್ಟ. ಇಷ್ಟು ಕೊಟ್ಟು ಹೋಗುವ ಮೇಳದಿಂದ ಕೈತುಂಬ ಕರಪತ್ರಗಳನ್ನು ಮಾತ್ರ ಹೊತ್ತು ಬರುವವರನ್ನು ಪ್ರತಿ ವರ್ಷವೂ ನೋಡುತ್ತೇನೆ.

ಕೊಡಗಿನ ಪದವಿಪೂರ್ವ ಕಾಲೇಜೊಂದರಲ್ಲಿ ಬಹುಕಾಲದಿಂದ ಪಾಠ ಹೇಳುತ್ತಿರುವ ನಾನು, ವಿದ್ಯಾರ್ಥಿಗಳನ್ನು ಇಂಥ ಮೇಳಗಳಿಗೆ ಕರೆದೊಯ್ದ ಅನುಭವದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳಿರುವುದರಲ್ಲಿ ಒಂದನ್ನು ಮೊದಲೇ ಸ್ಪಷ್ಟಪಡಿಸಬೇಕು: ಮೇಳವು ಕಾಲೇಜನ್ನು ಆರಿಸುವ ಸ್ಥಳವಲ್ಲ, ಕಾಲೇಜುಗಳನ್ನು ಪ್ರಶ್ನಿಸುವ ಸ್ಥಳ. ಇಪ್ಪತ್ತು ಕಾಲೇಜುಗಳಿಗೆ ಇಪ್ಪತ್ತು ಬಾರಿ ಘಟ್ಟ ಇಳಿದು ಹೋಗಲಾಗದ ನಮ್ಮ ಮಕ್ಕಳಿಗೆ, ಆ ಇಪ್ಪತ್ತೂ ಕಾಲೇಜುಗಳ ಪ್ರತಿನಿಧಿಗಳು ಒಂದೇ ಸೂರಿನಡಿ ಉತ್ತರ ಹೇಳಲು ಕುಳಿತಿರುವ ದಿನ ಅದು. ಪ್ರಶ್ನೆಯಿಲ್ಲದೆ ಹೋದವರಿಗೆ ಅವರು ತಮಗೆ ಬೇಕಾದ ಉತ್ತರವನ್ನೇ ಹೇಳಿ ಕಳುಹಿಸುತ್ತಾರೆ.

ಹೊರಡುವ ಮುನ್ನ ಮನೆಯಲ್ಲಿ

ಮೇಳಕ್ಕೆ ಒಂದು ವಾರ ಮೊದಲೇ ಮನೆಯವರೆಲ್ಲ ಕುಳಿತು ಮೂರು ವಿಷಯಗಳನ್ನು ಮಾತನಾಡಿಕೊಳ್ಳಬೇಕು: ಮಗು ಏನನ್ನು ಓದಲು ಬಯಸುತ್ತದೆ, ಎಷ್ಟು ದೂರ ಕಳುಹಿಸಲು ಮನೆಯವರು ಸಿದ್ಧರಿದ್ದಾರೆ, ವರ್ಷಕ್ಕೆ ಎಷ್ಟು ಹಣ ಕೂಡಿಬರುತ್ತದೆ. ಹಣದ ಮಾತನ್ನು ಮಕ್ಕಳೆದುರು ಆಡಬಾರದೆಂಬ ಸಂಕೋಚ ನಮ್ಮ ಅನೇಕ ಮನೆಗಳಲ್ಲಿದೆ. ಆದರೆ ಮಗುವಿಗೆ ಅದು ಗೊತ್ತಿಲ್ಲದಿದ್ದರೆ ಮೇಳದಲ್ಲಿ ಕಂಡ ಹೊಳೆಯುವ ಕಟ್ಟಡದ ಚಿತ್ರಕ್ಕೆ ಮನಸೋತು, ಮನೆಗೆ ಮರಳಿದ ಮೇಲೆ ನೊಂದುಕೊಳ್ಳಬೇಕಾಗುತ್ತದೆ. ಕಾಫಿ ಬೆಳೆಯುವ ಮನೆಗಳಲ್ಲಿ ಇನ್ನೊಂದು ಲೆಕ್ಕವೂ ಇದೆ. ರೊಬಸ್ಟಾ ಕೊಯ್ಲು, ಕರಿಮೆಣಸಿನ ಕೊಯ್ಲು ಮುಗಿದು ಕೈಗೆ ಹಣ ಬರುವುದು ಬೇಸಿಗೆಯಲ್ಲಿ. ಕಾಲೇಜು ಶುಲ್ಕದ ಗಡುವು ಬರುವುದು ಮಳೆಗಾಲದಲ್ಲಿ, ಗೊಬ್ಬರಕ್ಕೂ ಕೂಲಿಗೂ ಖರ್ಚು ಏರುವ ಕಾಲದಲ್ಲಿ. ಆದುದರಿಂದ ಮೊದಲ ವರ್ಷದ ಶುಲ್ಕ, ವಸತಿನಿಲಯದ ಮುಂಗಡ ಇವೆರಡನ್ನು ಏಪ್ರಿಲ್‌ನಲ್ಲಿಯೇ ಬೇರೆ ತೆಗೆದಿರಿಸುವುದು ಒಳ್ಳೆಯದು.

ಎರಡನೆಯ ಕೆಲಸ, ಮೇಳದಲ್ಲಿ ಭಾಗವಹಿಸುವ ಕಾಲೇಜುಗಳ ಪಟ್ಟಿಯನ್ನು ನೋಡುವುದು. ಸಂಘಟಕರು ಸಾಮಾನ್ಯವಾಗಿ ಅದನ್ನು ಮೊದಲೇ ಪ್ರಕಟಿಸುತ್ತಾರೆ. ಅದರಿಂದ ಆರು ಅಥವಾ ಏಳು ಕಾಲೇಜುಗಳನ್ನು ಮಾತ್ರ ಆರಿಸಿಕೊಳ್ಳಿ. ಒಂದು ಮಳಿಗೆಯಲ್ಲಿ ಸರಿಯಾಗಿ ಮಾತನಾಡಲು ಕನಿಷ್ಠ ಕಾಲು ಗಂಟೆ ಬೇಕು, ಸರತಿಯಲ್ಲಿ ನಿಲ್ಲಲು ಮತ್ತೆ ಕಾಲು ಗಂಟೆ. ಮಧ್ಯಾಹ್ನದ ಹೊತ್ತಿಗೆ ತಲೆ ಭಾರವಾಗಿ ಎಲ್ಲ ಕಾಲೇಜುಗಳೂ ಒಂದೇ ರೀತಿ ಕೇಳಿಸತೊಡಗುತ್ತವೆ. ಇಪ್ಪತ್ತೈದು ಮಳಿಗೆಗಳನ್ನು ಸುತ್ತಿದವರಿಗಿಂತ ಆರು ಮಳಿಗೆಗಳಲ್ಲಿ ನಿಂತು ಮಾತನಾಡಿದವರಿಗೆ ಹೆಚ್ಚು ತಿಳಿದಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಆರಿಸಿಕೊಂಡ ಪ್ರತಿ ಕಾಲೇಜಿಗೂ ಒಂದು ಪುಟದಂತೆ ನೋಟ್‌ಬುಕ್‌ನಲ್ಲಿ ಜಾಗ ಮಾಡಿ, ಮನೆಯಲ್ಲೇ ತಿಳಿಯಬಹುದಾದುದನ್ನು ಮೊದಲೇ ಬರೆದುಕೊಳ್ಳಿ. ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎ ಜಾಲತಾಣದಲ್ಲಿ ಹಿಂದಿನ ವರ್ಷ ಯಾವ ಕಾಲೇಜಿನ ಯಾವ ವಿಭಾಗದ ಸೀಟು, ಯಾವ ಪ್ರವರ್ಗದಲ್ಲಿ, ಯಾವ ರ‍್ಯಾಂಕ್‌ಗೆ ಮುಗಿಯಿತು ಎಂಬ ವಿವರ ಸಿಗುತ್ತದೆ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಅರ್ಧ, ಸಿಇಟಿ ಅಂಕಗಳಿಂದ ಅರ್ಧ ಪರಿಗಣನೆಯಾಗುವುದರಿಂದ, ಫಲಿತಾಂಶ ಬರುವ ಮೊದಲೇ ನಡೆಯುವ ಮೇಳಕ್ಕೆ ಹೋಗುವವರೂ ತಮ್ಮ ರ‍್ಯಾಂಕನ್ನು ಸ್ಥೂಲವಾಗಿ ಅಂದಾಜು ಮಾಡಿಕೊಳ್ಳಬಹುದು. ಹಿಂದಿನ ವರ್ಷದ ಕೊನೆಯ ರ‍್ಯಾಂಕ್ ಗೊತ್ತಿರುವ ವಿದ್ಯಾರ್ಥಿಯ ಜೊತೆ ಮಳಿಗೆಯವರು ಮಾತನಾಡುವ ರೀತಿಯೇ ಬೇರೆ. ನಮ್ಮ ಕಡೆ ಮೊಬೈಲ್ ಸಂಪರ್ಕ ಎಲ್ಲೆಡೆ ಸಿಗುವುದಿಲ್ಲವಾದ್ದರಿಂದ, ಈ ಪಟ್ಟಿಯನ್ನು ಪೇಟೆಗೆ ಬಂದ ದಿನ ಇಳಿಸಿಕೊಂಡು ಬೇಕಾದ ಪುಟಗಳನ್ನು ಮುದ್ರಿಸಿಟ್ಟುಕೊಳ್ಳಿ.

ಚೀಲದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿಗಳ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ನೆರಳಚ್ಚು ಪ್ರತಿಗಳಿರಲಿ. ಮೂಲ ದಾಖಲೆಗಳು ಮನೆಯಲ್ಲೇ ಇರಲಿ. ಮೇಳದಲ್ಲಿ ಅವುಗಳಿಂದ ಆಗುವ ಯಾವ ಕೆಲಸವೂ ಇಲ್ಲ. ನೀರು, ಬುತ್ತಿ, ಕೊಡೆ ಇವನ್ನು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೇಳಕ್ಕೆ ಬಾರದ ಕಾಲೇಜುಗಳು

ಮೇಳದಲ್ಲಿ ಮಳಿಗೆ ಹಾಕುವ ಸಂಸ್ಥೆಗಳು ಸಾಮಾನ್ಯವಾಗಿ ಅದಕ್ಕೆ ಬಾಡಿಗೆ ಕೊಟ್ಟಿರುತ್ತವೆ ಎಂಬುದನ್ನು ಪೋಷಕರು ಮರೆಯಬಾರದು. ಪ್ರಚಾರಕ್ಕೆ ಹಣವಿಲ್ಲದ, ಅಥವಾ ಪ್ರಚಾರವಿಲ್ಲದೆಯೇ ಸೀಟು ತುಂಬುವ ಕಾಲೇಜುಗಳು ಅಲ್ಲಿ ವಿರಳ. ಸರ್ಕಾರಿ ಕಾಲೇಜುಗಳ ಬಹುಪಾಲು ಹೀಗೆಯೇ ಕಣ್ಣಿಗೆ ಬೀಳದೆ ಉಳಿದುಬಿಡುತ್ತವೆ. ಮೈಸೂರಿನ ಮೇಳದಿಂದ ಮರಳುವ ಬಸ್ಸಿನಲ್ಲಿ ಕುಳಿತು, ಅರಣ್ಯಶಾಸ್ತ್ರ ಓದಬೇಕೆಂಬ ಆಸೆಯಿದೆ, ಆದರೆ ಎಲ್ಲಿಯೂ ಅದರ ಮಳಿಗೆ ಇರಲಿಲ್ಲ ಎಂದ ಹುಡುಗನ ಊರು ಪೊನ್ನಂಪೇಟೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿತ್ತು. ಪೊನ್ನಂಪೇಟೆಯಲ್ಲಿಯೇ ಅರಣ್ಯ ಮಹಾವಿದ್ಯಾಲಯವಿರುವುದನ್ನು ಅವನು ದಿನವೂ ಬಸ್ಸಿನಿಂದ ನೋಡುತ್ತಿದ್ದ, ಅಲ್ಲಿಗೆ ಸೇರುವ ದಾರಿ ಸಿಇಟಿಯೇ ಎಂಬುದು ಮಾತ್ರ ತಿಳಿದಿರಲಿಲ್ಲ. ಕೃಷಿ ಮತ್ತು ಅರಣ್ಯ ವಿಜ್ಞಾನದ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ನಡೆಯುತ್ತದೆ. ತೋಟ, ಗದ್ದೆಗಳಲ್ಲಿ ಬೆಳೆದ ನಮ್ಮ ಮಕ್ಕಳು ಈ ಅವಕಾಶವನ್ನು ಅರಿಯದೆ ಬಿಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಆದ್ದರಿಂದ ಮೇಳದ ಪಟ್ಟಿಯ ಪಕ್ಕದಲ್ಲಿ ಜಿಲ್ಲೆಯ ಪಟ್ಟಿಯನ್ನೂ ಬರೆದುಕೊಳ್ಳಿ. ಮಡಿಕೇರಿಯಲ್ಲಿ 2016ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಾದ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಮತ್ತು ಪಾಲಿಟೆಕ್ನಿಕ್ ಇವೆ. ಪೊನ್ನಂಪೇಟೆಯಲ್ಲಿ ಎಂಜಿನಿಯರಿಂಗ್ ಕಾಲೇಜು, ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜು ಇವೆ. ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು, ಗೋಣಿಕೊಪ್ಪದ ಕಾವೇರಿ ಕಾಲೇಜು ಹಾಗೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪದವಿ ಶಿಕ್ಷಣವಿದೆ. ಹಿಂದೆ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಜಿಲ್ಲೆಗೆ ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಬಂದಿರುವುದರಿಂದ, ಪದವಿ ಪ್ರಮಾಣಪತ್ರವನ್ನು ಯಾವ ವಿಶ್ವವಿದ್ಯಾಲಯ ನೀಡುತ್ತದೆ ಎಂಬುದನ್ನು ಆಯಾ ಕಾಲೇಜಿನ ಕಚೇರಿಯಲ್ಲಿಯೇ ಕೇಳಿ ತಿಳಿಯಬೇಕು. ಮನೆಯಿಂದ ಓಡಾಡಬಹುದಾದ ಕಾಲೇಜಿನ ಖರ್ಚನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡರೆ, ಮೇಳದಲ್ಲಿ ಕೇಳಿಬರುವ ಪ್ರತಿಯೊಂದು ಶುಲ್ಕವನ್ನೂ ಅದರ ಪಕ್ಕದಲ್ಲಿಟ್ಟು ತೂಗಲು ಬರುತ್ತದೆ.

ಮಳಿಗೆಯ ಮುಂದೆ

ಮೇಳಕ್ಕೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ತಲಪಲು ಯತ್ನಿಸಿ. ಮಡಿಕೇರಿಯಿಂದ ಮೈಸೂರಿಗೆ ಬಸ್ಸಿನಲ್ಲಿ ಮೂರು ಗಂಟೆಗೂ ಮಿಕ್ಕಿ ಬೇಕಾಗುವುದರಿಂದ, ಮೊದಲ ಬಸ್ಸುಗಳಲ್ಲಿಯೇ ಹೊರಡಬೇಕು. ಮೊದಲ ಒಂದೆರಡು ಗಂಟೆಗಳಲ್ಲಿ ಮಳಿಗೆಗಳಲ್ಲಿ ಅಧ್ಯಾಪಕರು ಸಿಗುವ ಸಾಧ್ಯತೆ ಹೆಚ್ಚು. ಮಧ್ಯಾಹ್ನದ ನಂತರ ಜನಸಂದಣಿ ಏರಿ, ಪ್ರವೇಶಾತಿ ಸಿಬ್ಬಂದಿಗೆ ಬಾಯಿಪಾಠ ಒಪ್ಪಿಸುವುದಕ್ಕಷ್ಟೇ ಸಮಯವಿರುತ್ತದೆ. ಮಾತು ಆರಂಭಿಸುವ ಮುನ್ನ ಎದುರಿಗಿರುವವರು ಪಾಠ ಹೇಳುವವರೇ, ಪ್ರವೇಶಾತಿ ವಿಭಾಗದವರೇ, ಅಥವಾ ಹಲವು ಕಾಲೇಜುಗಳಿಗೆ ವಿದ್ಯಾರ್ಥಿಗಳನ್ನು ಒದಗಿಸುವ ಏಜೆಂಟರೇ ಎಂದು ವಿನಯದಿಂದ ಕೇಳಿ. ಅಧ್ಯಾಪಕರಿದ್ದರೆ ಪಠ್ಯಕ್ರಮ, ಪ್ರಯೋಗಾಲಯ, ಹಾಜರಾತಿ ಕುರಿತು ಅವರನ್ನೇ ಕೇಳಬೇಕು. ಶುಲ್ಕದ ಪ್ರಶ್ನೆಗಳನ್ನು ಸಿಬ್ಬಂದಿಗೆ ಮೀಸಲಿಡಬೇಕು.

ಪ್ರಶ್ನೆಗಳನ್ನು ಮಗುವೇ ಕೇಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ನಾಲ್ಕು ವರ್ಷ ಆ ಕಾಲೇಜಿನಲ್ಲಿ ಇರಬೇಕಾದವರು ಅವರು. ಅಪ್ಪನೋ ಮಾವನೋ ಮುಂದೆ ನಿಂತು ಮಾತನಾಡಿದರೆ ಮಗು ಕರಪತ್ರ ಹಿಡಿದು ಹಿಂದೆ ನಿಂತುಬಿಡುತ್ತದೆ, ಪ್ರತಿನಿಧಿಯೂ ಶುಲ್ಕ ಕಟ್ಟುವವರ ಮುಖ ನೋಡಿ ಮಾತನಾಡುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಇಂಗ್ಲಿಷ್ ಬರುವುದಿಲ್ಲವೆಂದು ಹಿಂಜರಿಯುತ್ತಾರೆ. ಕನ್ನಡದಲ್ಲಿಯೇ ಕೇಳಲಿ, ಕರ್ನಾಟಕದ ಕಾಲೇಜಿನವರು ಕನ್ನಡದಲ್ಲಿ ಉತ್ತರಿಸಬೇಕೆಂದು ನಿರೀಕ್ಷಿಸುವುದರಲ್ಲಿ ತಪ್ಪೇನಿಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರ್‌ನಲ್ಲಿ ಏನು ಸಹಾಯ ಸಿಗುತ್ತದೆ ಎಂಬುದೇ ಒಂದು ಒಳ್ಳೆಯ ಪ್ರಶ್ನೆ.

ಮಾನ್ಯತೆಯ ವಿಷಯದಲ್ಲಿ ಮಳಿಗೆಯ ಹಲಗೆಯ ಮೇಲಿರುವ ಅಕ್ಷರಗಳನ್ನು ಓದಲು ಕಲಿಯಬೇಕು. ನ್ಯಾಕ್, ಎನ್‌ಬಿಎ ಎರಡೂ ಶಿಕ್ಷಣದ ಗುಣಮಟ್ಟವನ್ನು ಪರಿಶೀಲಿಸುವ ಸಂಸ್ಥೆಗಳು. ನ್ಯಾಕ್ ಶ್ರೇಣಿ ದೊರೆಯುವುದು ಇಡೀ ಸಂಸ್ಥೆಗೆ; ಎನ್‌ಬಿಎ ಮಾನ್ಯತೆ ದೊರೆಯುವುದು ಒಂದೊಂದು ಕೋರ್ಸಿಗೆ ಪ್ರತ್ಯೇಕವಾಗಿ. ನಮ್ಮ ಕಾಲೇಜಿಗೆ ಎನ್‌ಬಿಎ ಇದೆ ಎಂಬ ಉತ್ತರ ಬಂದರೆ, ಯಾವ ವಿಭಾಗಕ್ಕೆ ಮತ್ತು ಯಾವ ವರ್ಷದವರೆಗೆ ಎಂದು ಕೇಳಬೇಕು, ಏಕೆಂದರೆ ಮೆಕ್ಯಾನಿಕಲ್ ವಿಭಾಗಕ್ಕಿರುವ ಮಾನ್ಯತೆಯಿಂದ ಹೊಸದಾಗಿ ತೆರೆದ ಕೃತಕ ಬುದ್ಧಿಮತ್ತೆಯ ವಿಭಾಗಕ್ಕೆ ಏನೂ ಸಿಕ್ಕಂತಾಗುವುದಿಲ್ಲ. ಎಂಜಿನಿಯರಿಂಗ್ ಕಾಲೇಜುಗಳಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ ನೀಡುವ ಅನುಮೋದನಾ ಪತ್ರದಲ್ಲಿ ಯಾವ ಕೋರ್ಸಿಗೆ ಎಷ್ಟು ಸೀಟು ಎಂಬುದು ಇರುತ್ತದೆ. ಆ ವರ್ಷದ ಪತ್ರವನ್ನೇ ತೋರಿಸಲು ಕೇಳಿ. 2024–25ರಿಂದ ಬಿಬಿಎ, ಬಿಸಿಎ ಕೋರ್ಸುಗಳೂ ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ಕಾನೂನು ಕಾಲೇಜಾದರೆ ಭಾರತೀಯ ವಕೀಲರ ಪರಿಷತ್ತು, ಫಾರ್ಮಸಿಯಾದರೆ ಫಾರ್ಮಸಿ ಕೌನ್ಸಿಲ್, ನರ್ಸಿಂಗ್ ಆದರೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇರಬೇಕು. ನರ್ಸಿಂಗ್ ಓದಲು ಹೊರಜಿಲ್ಲೆಗೆ ಹೋಗುವ ಮಕ್ಕಳು ನಮ್ಮಲ್ಲಿ ಬಹಳ. ಅವರು ತಪ್ಪದೆ ಕೇಳಬೇಕಾದುದು, ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಅದರಲ್ಲಿ ಎಷ್ಟು ಹಾಸಿಗೆಗಳಿವೆ, ತರಬೇತಿಗೆ ಎಷ್ಟು ದೂರ ಓಡಾಡಬೇಕು, ಆ ಬಸ್ಸಿನ ಖರ್ಚು ಯಾರದು ಎಂಬುದು. ಪದವಿ ಕೋರ್ಸುಗಳಲ್ಲಿ ಅವಧಿಯನ್ನೂ ಕೇಳಿ: ರಾಜ್ಯ ಸರ್ಕಾರ 2024–25ರಿಂದ ಮೂರು ವರ್ಷದ ಪದವಿಗೆ ಮರಳಿದೆ, ಆದರೆ ಕೆಲವು ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಪದವಿಯೂ ಇದೆ, ಒಂದು ವರ್ಷದ ಶುಲ್ಕ ಮತ್ತು ವಸತಿ ಖರ್ಚಿನ ವ್ಯತ್ಯಾಸ ಸಣ್ಣದಲ್ಲ.

ಉದ್ಯೋಗಾವಕಾಶದ ಮಾತಿನಲ್ಲಿ ಎಚ್ಚರ ಅತ್ಯಗತ್ಯ. ದೊಡ್ಡ ಅಕ್ಷರಗಳಲ್ಲಿ ಬರೆದಿರುವ ಗರಿಷ್ಠ ವೇತನ ಒಬ್ಬನೇ ವಿದ್ಯಾರ್ಥಿಗೆ ದೊರೆತದ್ದಾಗಿರಬಹುದು. ಕೇಳಬೇಕಾದ ಪ್ರಶ್ನೆ ಹೀಗಿರಲಿ: ಕಳೆದ ವರ್ಷ ಈ ವಿಭಾಗದಲ್ಲಿ ಅಂತಿಮ ವರ್ಷದಲ್ಲಿದ್ದವರೆಷ್ಟು, ಅವರಲ್ಲಿ ಕೆಲಸ ಸಿಕ್ಕವರೆಷ್ಟು, ವೇತನದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ಮಧ್ಯದಲ್ಲಿ ನಿಲ್ಲುವ ವಿದ್ಯಾರ್ಥಿಗೆ ದೊರೆತ ವೇತನವೆಷ್ಟು? ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಸಂಸ್ಥೆಗಳು ಇವೇ ಅಂಕಿಗಳನ್ನು, ಅಂದರೆ ಕೆಲಸ ಸಿಕ್ಕವರು, ಮಧ್ಯಾಂಕ (ಸಾಲಿನ ಮಧ್ಯದ) ವೇತನ, ಉನ್ನತ ವ್ಯಾಸಂಗಕ್ಕೆ ಹೋದವರ ಸಂಖ್ಯೆಗಳನ್ನು ಸಲ್ಲಿಸಿ ತಮ್ಮ ಜಾಲತಾಣದಲ್ಲಿಯೂ ಪ್ರಕಟಿಸುತ್ತವೆ. ಮಳಿಗೆಯಲ್ಲಿ ಹೇಳಿದ್ದನ್ನು ಬರೆದುಕೊಂಡು, ಮನೆಗೆ ಬಂದ ಮೇಲೆ ಆ ಅಂಕಿಗಳ ಜೊತೆ ಹೋಲಿಸಿ ನೋಡಿ. ಎರಡೂ ಹೊಂದಿದರೆ ಆ ಕಾಲೇಜಿನ ಉಳಿದ ಮಾತುಗಳ ಮೇಲೂ ಸ್ವಲ್ಪ ನಂಬಿಕೆ ಇಡಬಹುದು.

ವಸತಿನಿಲಯದ ಪ್ರಶ್ನೆಯನ್ನು ನಮ್ಮ ಪೋಷಕರು ಊಟ ಚೆನ್ನಾಗಿದೆಯೇ ಎಂಬಲ್ಲಿಗೆ ಮುಗಿಸುತ್ತಾರೆ. ಮೊದಲ ವರ್ಷದವರೆಲ್ಲರಿಗೂ ಕೊಠಡಿ ಖಚಿತವೇ, ಕೊಠಡಿಗೆ ಎಷ್ಟು ಮಂದಿ, ವಸತಿನಿಲಯ ಆವರಣದ ಒಳಗಿದೆಯೇ, ರಜೆಯಲ್ಲಿ ಉಳಿದುಕೊಳ್ಳಲು ಬಿಡುತ್ತಾರೆಯೇ ಎಂಬುದನ್ನೂ ಕೇಳಿ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋದಾಗ ಮಂಗಳೂರು ಕಡೆ ಓದುತ್ತಿದ್ದ ಮಕ್ಕಳು ಮನೆಗೆ ಬರಲು ಸುತ್ತು ದಾರಿ ಹಿಡಿಯಬೇಕಾಯಿತು. ರಜೆ ಬಂದೊಡನೆ ವಸತಿನಿಲಯಕ್ಕೆ ಬೀಗ ಹಾಕುವ ಕಾಲೇಜು ಅಂಥ ಮಳೆಗಾಲದಲ್ಲಿ ನಮ್ಮ ಮಕ್ಕಳಿಗೆ ಕಷ್ಟ ತರುತ್ತದೆ.

ಹಾಕಿ ಆಡುವ ಮಕ್ಕಳಿಗೆ ಒಂದು ವಿಶೇಷ ಮಾತು. ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದವರಿಗೆ ಕೆಇಎ ಸೀಟು ಹಂಚಿಕೆಯಲ್ಲಿ ಕ್ರೀಡಾ ಕೋಟಾ ಇದೆ. ಅದರ ಹೊರತಾಗಿ ಹಲವು ಖಾಸಗಿ ಸಂಸ್ಥೆಗಳು ತಮ್ಮ ತಂಡಕ್ಕಾಗಿ ಆಟಗಾರರಿಗೆ ಶುಲ್ಕದಲ್ಲಿ ರಿಯಾಯಿತಿ ನೀಡುತ್ತವೆ. ಕ್ರೀಡಾ ಪ್ರಮಾಣಪತ್ರಗಳ ಪ್ರತಿಗಳನ್ನು ಒಯ್ದು, ದೈಹಿಕ ಶಿಕ್ಷಣ ನಿರ್ದೇಶಕರ ದೂರವಾಣಿ ಸಂಖ್ಯೆಯನ್ನು ಮಳಿಗೆಯಲ್ಲಿಯೇ ಪಡೆದುಕೊಳ್ಳಿ. ಎನ್‌ಸಿಸಿಯಲ್ಲಿದ್ದವರಿಗೂ, ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೂ ಕೆಇಎಯಲ್ಲಿ ಪ್ರತ್ಯೇಕ ಪ್ರವರ್ಗಗಳಿವೆ. ಸೇನೆಗೆ ಇಷ್ಟು ಜನರನ್ನು ಕೊಟ್ಟ ಜಿಲ್ಲೆಯಲ್ಲಿ ಆ ಸೌಲಭ್ಯವನ್ನು ಅರ್ಜಿಯಲ್ಲಿ ನಮೂದಿಸಲು ಮರೆತ ಮನೆಗಳನ್ನೂ ನಾನು ಬಲ್ಲೆ.

ಕೆಇಎ ಪ್ರಕ್ರಿಯೆಯ ಕುರಿತು ಉಪನ್ಯಾಸ, ಸಂವಾದಗಳು ನಡೆಯುವ ಮೇಳಗಳಿದ್ದರೆ, ಎರಡು ಮಳಿಗೆಗಳನ್ನು ಬಿಟ್ಟಾದರೂ ಅಲ್ಲಿ ಹೋಗಿ ಕುಳಿತುಕೊಳ್ಳಿ. 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಊರ ಶಾಲೆಯಲ್ಲಿ ಏಳನೆಯವರೆಗೆ ಓದಿ, ಮುಂದೆ ಪಟ್ಟಣದ ಪ್ರೌಢಶಾಲೆಗೆ ಹೋದ ಮಕ್ಕಳಿಗೆ ಈ ಕೋಟಾ ಅನ್ವಯವಾಗುತ್ತದೆಯೇ ಎಂಬಂಥ ಸಂದೇಹಗಳನ್ನು ತಜ್ಞರ ಮುಂದೆಯೇ ಬಗೆಹರಿಸಿಕೊಳ್ಳುವುದು ಮೇಲು.

ಶುಲ್ಕ ಮತ್ತು ಸಾಲ

ಒಂದೇ ಕಾಲೇಜಿನ ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕುಳಿತವರು ಬೇರೆ ಬೇರೆ ಶುಲ್ಕ ಕಟ್ಟಿರುತ್ತಾರೆ. ಅಲ್ಪಸಂಖ್ಯಾತೇತರ ಅನುದಾನರಹಿತ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ 45 ಸೀಟುಗಳು ಕೆಇಎ ಮೂಲಕ ಸರ್ಕಾರಿ ಕೋಟಾದಲ್ಲಿ, ಶೇ 30 ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್‌–ಕೆ ಮೂಲಕ, ಉಳಿದ ಶೇ 25 ಆಡಳಿತ ಮಂಡಳಿಯ ಮೂಲಕ ತುಂಬುತ್ತವೆ; ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳ ಲೆಕ್ಕ ಬೇರೆ. ಮಳಿಗೆಯವರು ಉತ್ಸಾಹದಿಂದ ಮಾತನಾಡುವುದು ಆ ಕೊನೆಯ ಪಾಲಿನ ಬಗ್ಗೆ. ಆದ್ದರಿಂದ ಶುಲ್ಕ ಕೇಳುವಾಗ ಯಾವ ಕೋಟಾದ ಶುಲ್ಕ ಎಂದು ಮೊದಲು ಕೇಳಿ, ಅನಂತರ ನಾಲ್ಕೂ ವರ್ಷಗಳ ಮೊತ್ತವನ್ನು ಕೇಳಿ: ಬೋಧನಾ ಶುಲ್ಕ, ವಿಶ್ವವಿದ್ಯಾಲಯದ ಶುಲ್ಕ, ಕೌಶಲ ತರಬೇತಿಯ ಹೆಸರಿನಲ್ಲಿ ಪಡೆಯುವ ಹಣ, ಸಮವಸ್ತ್ರ, ಬಸ್ಸು, ವಸತಿ, ಊಟ, ಪ್ರತಿ ವರ್ಷದ ಏರಿಕೆ. ಇವನ್ನು ಮುದ್ರಿತ ಹಾಳೆಯಲ್ಲಿ ಕೊಡಲು ಹಿಂಜರಿಯುವ ಕಾಲೇಜಿನ ಪುಟದ ಮೇಲೆ ನೋಟ್‌ಬುಕ್‌ನಲ್ಲಿ ಒಂದು ಗುರುತು ಹಾಕಿಕೊಳ್ಳಿ. ಡೊನೇಷನ್ ಕೇಳುವುದು ಕರ್ನಾಟಕದಲ್ಲಿ 1984ರ ಕಾಯ್ದೆಯಿಂದಲೇ ನಿಷಿದ್ಧ. ರಸೀದಿ ಕೊಡದ ಹಣದ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ.

ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ, ಬೋಧನಾ ಶುಲ್ಕದ ವಿನಾಯಿತಿ ಇರುವ ಶೇ 5 ಹೆಚ್ಚುವರಿ ಸೀಟುಗಳು, ಅಂದರೆ ಎಸ್‌ಎನ್‌ಕ್ಯೂ, ಆ ಕಾಲೇಜಿನಲ್ಲಿವೆಯೇ ಎಂದು ಕೇಳಿ. ಇವು ಕೆಇಎ ಮೂಲಕವೇ ಹಂಚಿಕೆಯಾಗುತ್ತವೆ. ಇದಕ್ಕೂ ವಿದ್ಯಾರ್ಥಿವೇತನಕ್ಕೂ ನಾಡಕಚೇರಿಯ ಆದಾಯ ಪ್ರಮಾಣಪತ್ರ ಬೇಕು. ಅದರ ಅವಧಿ 5 ವರ್ಷವಾದ್ದರಿಂದ ಪ್ರೌಢಶಾಲೆಯಲ್ಲಿ ಮಾಡಿಸಿದ್ದು ಈಗ ಮುಗಿದಿರಬಹುದು. ಜೇನುಕುರುಬ, ಯರವ ಮುಂತಾದ ಸಮುದಾಯಗಳ ಮಕ್ಕಳ ವಿಷಯದಲ್ಲಿ ನಾನು ಪ್ರತಿ ಮಳಿಗೆಯಲ್ಲಿಯೂ ಒಂದು ಪ್ರಶ್ನೆಯನ್ನು ಕೇಳಿಸುತ್ತೇನೆ: ಸರ್ಕಾರದಿಂದ ಶುಲ್ಕ ಮರುಪಾವತಿ ಆಗುವವರೆಗೆ ಕಾಲೇಜು ಕಾಯುತ್ತದೆಯೇ, ಅಥವಾ ಮೊದಲು ಪೂರ್ತಿ ಕಟ್ಟಿ ಆಮೇಲೆ ಪಡೆಯಬೇಕೇ? ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವ ಮಗು ಓದುವುದೋ ಬಿಡುವುದೋ ಈ ಒಂದು ಉತ್ತರದ ಮೇಲೆ ನಿಂತಿರುತ್ತದೆ.

ಶಿಕ್ಷಣ ಸಾಲದ ವಿಷಯದಲ್ಲಿ ಕೊಡಗಿಗೆ ತನ್ನದೇ ಆದ ತೊಡಕಿದೆ. ಪಹಣಿಯಲ್ಲಿ ಪಟ್ಟೇದಾರರ ಜೊತೆ ಒಕ್ಕದ, ಅಂದರೆ ಕೊಡವ ಕೂಡುಕುಟುಂಬದ, ಹಲವರ ಹೆಸರಿರುವ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನನ್ನು ಒಬ್ಬರು ಅಡವಿಡುವುದು ಸುಲಭವಲ್ಲ. ತೋಟವಿದೆ, ಸಾಲ ಸಿಕ್ಕೇ ಸಿಗುತ್ತದೆ ಎಂದು ನಂಬಿ ದೊಡ್ಡ ಶುಲ್ಕದ ಸೀಟಿಗೆ ಒಪ್ಪಿಕೊಳ್ಳಬಾರದು. ಬ್ಯಾಂಕ್ ವ್ಯವಸ್ಥಾಪಕರೊಡನೆ ಮೇಳಕ್ಕೆ ಮೊದಲೇ ಮಾತನಾಡಿರಬೇಕು. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ–ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವೂ ಜಾಮೀನುದಾರರೂ ಇಲ್ಲದೆ ಸಾಲ ದೊರೆಯುತ್ತದೆ, 7.5 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಸರ್ಕಾರದ ಶೇ 75 ಖಾತರಿ ಇದೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರವಷ್ಟೇ ಸಾಧ್ಯ.

ಸಹಿ, ಹಣ, ಒಟಿಪಿ

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಮಗಳನ್ನು ಮೇಳವೊಂದಕ್ಕೆ ಕರೆದೊಯ್ದಿದ್ದೆ. ಇಂದೇ ಮುಂಗಡ ಕಟ್ಟಿದರೆ ಶುಲ್ಕದಲ್ಲಿ ರಿಯಾಯಿತಿ, ನಾಳೆಗೆ ಸೀಟು ಉಳಿಯುವುದಿಲ್ಲ ಎಂದು ಒಂದು ಮಳಿಗೆಯವರು ಹೇಳಿದಾಗ, ಇತರರಿಗೆ ಬುದ್ಧಿ ಹೇಳುವ ನಾನೇ ಹತ್ತು ಸಾವಿರ ರೂಪಾಯಿ ಕೊಟ್ಟುಬಿಟ್ಟೆ. ಮುಂದೆ ಅವಳಿಗೆ ಸರ್ಕಾರಿ ಕೋಟಾದಲ್ಲಿ ಬೇರೆ ಕಾಲೇಜು ಸಿಕ್ಕಿತು. ಮುಂಗಡವನ್ನು ಮರಳಿ ಕೇಳಿದಾಗ, ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ್ದ ಒಂದು ಸಾಲನ್ನು ತೋರಿಸಿದರು. ನಾಲ್ಕು ತಿಂಗಳ ಓಡಾಟದ ನಂತರ ಅರ್ಧ ಹಣ ಬಂತು. ಆ ದಿನದಿಂದ ನನ್ನ ವಿದ್ಯಾರ್ಥಿಗಳ ಪೋಷಕರಿಗೆ ನಾನು ಕೇಳಿಕೊಳ್ಳುವುದು ಇಷ್ಟು: ಮೇಳಕ್ಕೆ ಹೋಗುವಾಗ ಬಸ್ ದರ ಮತ್ತು ಊಟದ ಹಣ ಮಾತ್ರ ಜೇಬಿನಲ್ಲಿರಲಿ, ಫೋನಿನಿಂದ ಹಣ ಕಳುಹಿಸುವುದನ್ನು ಅಂದಿನ ಮಟ್ಟಿಗೆ ಮರೆತುಬಿಡಿ.

ಮುಂಗಡ ಕಟ್ಟಲೇಬೇಕಾದ ಸಂದರ್ಭ ಮುಂದೆ ಬಂದರೆ ನಿಯಮ ಗೊತ್ತಿರಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ 2018ರ ಅಕ್ಟೋಬರ್ ಅಧಿಸೂಚನೆಯಂತೆ, ಅದರ ವ್ಯಾಪ್ತಿಯ ಸಂಸ್ಥೆಗಳಲ್ಲಿ ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲೇ ಹಿಂದೆ ಸರಿದವರಿಗೆ, ಸಣ್ಣ ಸಂಸ್ಕರಣಾ ವೆಚ್ಚವನ್ನು ಕಳೆದು ಪೂರ್ಣ ಶುಲ್ಕವನ್ನು ಮರಳಿಸಬೇಕು. ತಡವಾದಂತೆ ಆ ಪಾಲು ಶೇ 90, 80, 50 ಎಂದು ಇಳಿಯುತ್ತ, ಕೊನೆಯ ದಿನಾಂಕ ಕಳೆದು 30 ದಿನಗಳಾದ ಮೇಲೆ ಏನೂ ಸಿಗುವುದಿಲ್ಲ. ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ಇರಿಸಿಕೊಳ್ಳುವಂತಿಲ್ಲ ಎಂಬುದನ್ನೂ ಅದೇ ಅಧಿಸೂಚನೆ ಹೇಳುತ್ತದೆ.

ನೋಂದಣಿ ಹಾಳೆಯಲ್ಲಿ ಬರೆಯುವ ಫೋನ್ ಸಂಖ್ಯೆಗೆ ಮುಂದಿನ ಎರಡು ತಿಂಗಳು ಕರೆಗಳು ಬರುತ್ತಲೇ ಇರುತ್ತವೆ. ಮಗುವಿನ ಸಂಖ್ಯೆಯ ಬದಲು ಹಿರಿಯರೊಬ್ಬರ ಸಂಖ್ಯೆಯನ್ನು ಕೊಡಿ. ಕೆಇಎ ಲಾಗಿನ್ ವಿವರ, ಪಾಸ್‌ವರ್ಡ್, ಒಟಿಪಿಗಳನ್ನು, ಸಹಾಯ ಮಾಡುತ್ತೇವೆಂದು ಎಷ್ಟೇ ಆತ್ಮೀಯವಾಗಿ ಕೇಳಿದರೂ, ಯಾರಿಗೂ ಹೇಳಬಾರದು. ಅವು ಕೈಗೆ ಸಿಕ್ಕವರು ನಿಮ್ಮ ಹೆಸರಿನಲ್ಲಿ ಆಯ್ಕೆಗಳನ್ನು ಬದಲಿಸಬಹುದು.

ಮರಳಿ ಬಂದ ಮೇಲೆ

ನೋಟ್‌ಬುಕ್ ತೆರೆಯಬೇಕಾದುದು ಮರಳುವ ಬಸ್ಸಿನಲ್ಲಿಯೇ. ಹುಣಸೂರು ದಾಟುವಷ್ಟರಲ್ಲಿ ಯಾವ ಮಾತನ್ನು ಯಾರು ಹೇಳಿದರು ಎಂಬುದು ಕಲಸಿಹೋಗಿರುತ್ತದೆ. ಮಗು ತಾನು ಕೇಳಿದ್ದನ್ನು, ಜೊತೆಗೆ ಬಂದವರು ತಾವು ಗಮನಿಸಿದ್ದನ್ನು ಬೇರೆ ಬೇರೆಯಾಗಿ ಬರೆಯಲಿ. ಮರುದಿನ ಕರಪತ್ರಗಳನ್ನು ಹರಡಿಕೊಂಡು, ಉತ್ತರ ಸಿಗದ ಪ್ರಶ್ನೆಗಳನ್ನು ಆಯಾ ಕಾಲೇಜಿಗೆ ಇಮೇಲ್ ಮೂಲಕ ಕಳುಹಿಸಿ. ಬರಹದಲ್ಲಿ ಬಂದ ಉತ್ತರವನ್ನು ಮುಂದೆ ತೋರಿಸಿ ಕೇಳಬಹುದು, ಬಾಯಿಮಾತನ್ನು ಹಾಗೆ ಕೇಳಲಾಗದು. ಊರಿನವರು, ನೆಂಟರ ಮಕ್ಕಳು ಯಾರಾದರೂ ಅಲ್ಲಿ ಓದುತ್ತಿದ್ದರೆ ಅವರನ್ನು ವಿಚಾರಿಸಿ. ಕೊಡಗಿನಲ್ಲಿ ಅಂಥ ಒಬ್ಬರು ಸಿಗದಿರುವುದು ಅಪರೂಪ, ಅವರ ಐದು ನಿಮಿಷದ ಮಾತು ಇಡೀ ಮೇಳಕ್ಕಿಂತ ಹೆಚ್ಚು ತಿಳಿಸಿದ್ದುಂಟು.

ಹೀಗೆ ಉಳಿದ ಎರಡು ಅಥವಾ ಮೂರು ಕಾಲೇಜುಗಳಿಗೆ ಒಮ್ಮೆ ಖುದ್ದಾಗಿ ಹೋಗಿ ಬನ್ನಿ. ತರಗತಿ ನಡೆಯುವ ವಾರದ ದಿನವಾದರೆ ಒಳ್ಳೆಯದು. ಪ್ರಯೋಗಾಲಯದ ಬಾಗಿಲು ತೆರೆದಿದೆಯೇ, ಗ್ರಂಥಾಲಯದಲ್ಲಿ ಮಕ್ಕಳು ಕುಳಿತಿದ್ದಾರೆಯೇ, ಬಸ್ ನಿಲ್ದಾಣದಿಂದ ವಸತಿನಿಲಯಕ್ಕೆ ರಾತ್ರಿ ಒಬ್ಬಳೇ ನಡೆದು ಬರಬಹುದೇ ಎಂಬುದು ಅಲ್ಲಿಗೆ ಹೋದಾಗ ಮಾತ್ರ ತಿಳಿಯುತ್ತದೆ.

ಕೊನೆಯ ಹಂತ ಕೆಇಎಯ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಜಾಲತಾಣದಲ್ಲಿ ನಮೂದಿಸುವುದು. ನೋಟ್‌ಬುಕ್‌ನ ಪುಟಗಳು ಇಲ್ಲಿ ಕ್ರಮಾಂಕಗಳಾಗಿ ಬದಲಾಗುತ್ತವೆ: ನಿಜವಾಗಿ ಹೆಚ್ಚು ಇಷ್ಟವಾದುದು ಮೇಲೆ, ಕಡಿಮೆ ಇಷ್ಟವಾದುದು ಕೆಳಗೆ, ಸೇರಲು ಮನಸ್ಸೇ ಇಲ್ಲದ ಕಾಲೇಜು ಪಟ್ಟಿಯಿಂದ ಹೊರಗೆ. ಸಿಕ್ಕ ಸೀಟಿಗಿಂತ ಕೆಳಗಿನ ಆಯ್ಕೆಗಳು ಮುಂದಿನ ಸುತ್ತಿನಲ್ಲಿ ಉಳಿಯುವುದಿಲ್ಲವಾದ್ದರಿಂದ, ಸುಲಭವಾಗಿ ಸಿಗುವ ಕಾಲೇಜನ್ನು ಹೆದರಿಕೆಯಿಂದ ಮೊದಲು ಬರೆಯುವುದು ತಪ್ಪು. ಅಣಕು ಸೀಟು ಹಂಚಿಕೆಯ ಫಲಿತಾಂಶ ಬಂದ ಮೇಲೆ ಕ್ರಮವನ್ನು ಬದಲಿಸಿಕೊಳ್ಳಲು ಅವಕಾಶವಿರುತ್ತದೆ. ನಿಜವಾದ ಹಂಚಿಕೆಯಾದ ನಂತರ ಮೊದಲನೆಯ ಛಾಯ್ಸ್ ಎಂದರೆ ಸೀಟು ಒಪ್ಪಿ ಸೇರುವುದು, ಎರಡನೆಯದು ಸೀಟನ್ನು ಇರಿಸಿಕೊಂಡು ಮೇಲಿನ ಆಯ್ಕೆಗೆ ಕಾಯುವುದು, ಮೂರನೆಯದು ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರಬರುವುದು. ಮೂರನ್ನೂ ನಾಲ್ಕನ್ನೂ ಒತ್ತುವ ಮೊದಲು ಮನೆಯವರ ಜೊತೆಗೆ, ಸಾಧ್ಯವಾದರೆ ನಿಮ್ಮ ಉಪನ್ಯಾಸಕರ ಜೊತೆಗೂ ಮಾತನಾಡಿ.

ಈ ಹಂತಗಳು ನಮ್ಮಲ್ಲಿ ಮಳೆ ಹಿಡಿದ ದಿನಗಳಲ್ಲಿಯೇ ಬರುತ್ತವೆ. ಮರ ಬಿದ್ದು ವಿದ್ಯುತ್ ಹೋದರೆ ಎರಡು ದಿನ ಬಾರದಿರುವುದೂ, ಅದರೊಂದಿಗೆ ಮೊಬೈಲ್ ಸಂಪರ್ಕ ಕಡಿತವಾಗುವುದೂ ಹೊಸತಲ್ಲ. ಕೊನೆಯ ದಿನಕ್ಕೆ ಕಾಯದೆ, ಮೊದಲ ಅಥವಾ ಎರಡನೆಯ ದಿನವೇ ಪೇಟೆಯ ಸೈಬರ್ ಕೇಂದ್ರದಲ್ಲಿ ಮಗುವಿನ ಕೈಯಿಂದಲೇ ಆಯ್ಕೆಗಳನ್ನು ತುಂಬಿಸಿ, ಅಲ್ಲಿಯೇ ಮುದ್ರಿತ ಪ್ರತಿಯನ್ನು ಪಡೆದು, ನೋಟ್‌ಬುಕ್‌ನ ಪಟ್ಟಿಯೊಂದಿಗೆ ಒಂದೊಂದಾಗಿ ತಾಳೆ ನೋಡಿ, ಲಾಗ್‌ಔಟ್ ಆದದ್ದನ್ನು ಖಚಿತಪಡಿಸಿಕೊಂಡ ಮೇಲೆಯೇ ಅಲ್ಲಿಂದ ಹೊರಡಿ.